ಗೋವಿನಜೋಳದ ನಾಡಿನಲ್ಲಿ ಗೋಳಿಪಲ್ಲೆ

ಹಿಟ್ಟಿನ ವಿಚಾರಣೆ

ಅಮೆರಿಕ ದೇಶ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಈ ಪುಡಿ ಏನು?"

ಪುಡಿ ನನ್ನದಲ್ಲ, ನೀಲವ್ವನದು. ಐದು ಕಿಲೋ ಜೋಳದ ಹಿಟ್ಟು. ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಳು. ಸುಂಕದ ಅಧಿಕಾರಿ ಅದನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಒತ್ತಿ ನೋಡಿದ. ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಆ ಗಳಿಗೆಯಲ್ಲಿ ಜೋಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ಸುತರಾಂ ನೆನಪಾಗಲಿಲ್ಲ. ನೀಲವ್ವ ನನ್ನನ್ನು ಬದಿಗೆ ಸರಿಸಿ ಗಾಳಿಯಲ್ಲೇ ರೊಟ್ಟಿ ಬಡಿದು ತೋರಿಸಿದಳು. ತಪ್ ತಪ್ ತಪ್. ತಿರುವಿ ಹಾಕಿದಳು, ಮುರಿದಳು, ಬಾಯಿಗೆ ಇಟ್ಟುಕೊಂಡಳು. ಅಧಿಕಾರಿ ನಕ್ಕು ಗಂಟು ವಾಪಸು ಕೊಟ್ಟ.

"ನೋಡ್ರಿ ಅಕ್ಕಾರ, ನಿಮ್ಮ ಇಂಗ್ಲಿಷಿಗಿಂತ ನನ್ನ ಕೈ ಚಲೋ ಮಾತಾಡ್ತಾವು" ಎಂದಳು.

ನೀಲವ್ವ ಕೌಜಲಗಿಯವಳು. ಅರ್ಧ ಎಕರೆಯಲ್ಲಿ ತಪ್ಪಲುಪಲ್ಲೆ, ಅಂದರೆ ಸೊಪ್ಪು, ಬೆಳೆದು ಮೂಡಲಗಿ, ಗೋಕಾಕದ ಸಂತೆಗಳಲ್ಲಿ ಗೋಣಿತಟ್ಟು ಹಾಸಿ ಕೂತು ಮಾರುವವಳು. ಆಕೆಯ ಸೊಸೆ ನನ್ನ ವಿದ್ಯಾರ್ಥಿನಿ. ಕಾಯಿಪಲ್ಲೆ ಬೆಳೆಯುವ ಹೆಣ್ಣುಮಕ್ಕಳನ್ನು ಮೂರು ವಾರ ಪರದೇಶಕ್ಕೆ ಕಳಿಸಿ ಅಲ್ಲಿಯ ಒಕ್ಕಲುತನ ತೋರಿಸುವ ಒಂದು ಯೋಜನೆಗೆ ನೀಲವ್ವನ ಹೆಸರು ಬಂದಾಗ, "ಅಕ್ಕಾರ ಬಂದ್ರ ಹೊಕ್ಕೇನಿ, ಇಲ್ಲಂದ್ರ ಇಲ್ಲ" ಎಂದು ಹಟ ಹಿಡಿದಳಂತೆ. ಹೀಗೆ ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಪಾಸ್‌ಪೋರ್ಟ್ ಒದಗಿತು. ನಾನು ಎಷ್ಟು ಕುಣಿದೆನೆಂದು ನನ್ನ ಮನೆಯವರನ್ನು ಕೇಳಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಯ ಜನ ಆಡಿದ್ದು ಇಂಗ್ಲಿಷೇ. ಆದರೆ ಅದನ್ನು ನೀಲವ್ವನಿಗೆ ನಮ್ಮ ಕಡೆಯ ಮಾತಿನಲ್ಲಿ ಹೇಳಿ ಹೇಳಿ, ಈಗ ನೆನಪಿಸಿಕೊಂಡರೆ ಅವರೆಲ್ಲ ಮೂಡಲಗಿ ಸಂತೆಯವರ ಹಾಗೇ ಮಾತಾಡುತ್ತಾರೆ. ಹಾಗೆಯೇ ಬರೆಯುತ್ತೇನೆ.

ದಾರಿ

ನಮ್ಮನ್ನು ಕರೆದೊಯ್ಯಲು ಬಂದವಳು ಮಾರ್ಥಾ. ನನ್ನ ವಯಸ್ಸಿನವಳೇ, ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತಳಾದವಳು. ನೀಲವ್ವ ಐದೇ ನಿಮಿಷದಲ್ಲಿ ಆಕೆಯನ್ನು ಮಾರತಕ್ಕ ಮಾಡಿದಳು. ಆಕೆಯ ದೊಡ್ಡ ಗಾಡಿಯಲ್ಲಿ ಕಾನ್ಸಾಸ್ ಸೀಮೆಯೊಳಗೆ ಮೂರು ತಾಸು ಓಡಿದೆವು. ಎಡಕ್ಕೆ ಗೋವಿನಜೋಳ, ಬಲಕ್ಕೆ ಗೋವಿನಜೋಳ (ಮೆಕ್ಕೆಜೋಳ ಎನ್ನುತ್ತಾರಲ್ಲ, ಅದು), ಆಳೆತ್ತರ. ಮನುಷ್ಯರ ಸುಳಿವಿಲ್ಲ.

ನೀಲವ್ವ ಕಿಟಕಿಯ ಗಾಜಿಗೆ ಮೂಗು ಹಚ್ಚಿದ್ದಳು. "ಏನ್ ಬೆಳಿ ಅಕ್ಕಾರ, ಏನ್ ಬೆಳಿ! ಈ ಮಂದಿಗೆ ಉಣ್ಣಾಕ ಏನ ಕಮ್ಮಿ?"

ನಾನು ಅದನ್ನು ಮಾರ್ಥಾಳಿಗೆ ಹೇಳಿದೆ. ಆಕೆ ಜೋರಾಗಿ ನಕ್ಕಳು. "ಇದು ಮಂದಿ ತಿನ್ನೋದಲ್ಲ. ಒಂದಿಷ್ಟು ದನಕ್ಕ ಹೊಕ್ಕೈತಿ, ಒಂದಿಷ್ಟು ಗಾಡಿ ಎಣ್ಣಿ ಆಕ್ಕೈತಿ. ನಮ್ಮೂರಿನ ಕಿರಾಣಿ ಅಂಗಡಿ ಮುಚ್ಚಿ ಆರು ವರ್ಷ ಆತು. ಒಂದು ಟೊಮ್ಯಾಟೊ ಬೇಕಂದ್ರ ಮೂವತ್ತು ಮೈಲಿ ಹೋಗಬೇಕು."

ಮೂವತ್ತು ಮೈಲಿ ಎಂದರೆ ಹುಕ್ಕೇರಿಯಿಂದ ಬೆಳಗಾವಿಗೆ ಹೋದಷ್ಟು. ನನಗೆ ನಂಬಿಕೆ ಬರಲಿಲ್ಲ. ನೀಲವ್ವನಿಗೆ ಮಾತ್ರ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನಮ್ಮ ಕಬ್ಬಿನಂಗ ಆತ ಬಿಡ್ರಿ" ಎಂದಳು. "ಸುತ್ತಾಕಡೆ ಕಬ್ಬ ಹಚ್ಚಿ, ಕೊತ್ತಂಬ್ರಿ ಸೂಡಿಗೆ ನನ್ನ ಮುಂದ ಬಂದ ನಿಂದರತಾರ. ಆದರ ನಮ್ಮಲ್ಲಿ ನಾ ಅದೇನಿ. ಇಲ್ಲಿ ಯಾರದಾರ?"

ಪ್ಲಮ್ ಕ್ರಾಸಿಂಗ್

ಊರಿನ ಹೆಸರು ಹಣ್ಣಿನದು. ಹಣ್ಣು ಮಾತ್ರ ಪೆಟ್ರೋಲ್ ಪಂಪಿನ ಅಂಗಡಿಯಲ್ಲಿ ಮೂರೇ ಮೂರು ಇದ್ದವು, ಮೂರೂ ಬಾಳೆಹಣ್ಣು, ಒಂದೊಂದಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಅಂಗಿ. ಉಳಿದದ್ದೆಲ್ಲ ಚಿಪ್ಸು, ಸಿಹಿ ನೀರು, ಗಾಜಿನ ಪೆಟ್ಟಿಗೆಯಲ್ಲಿ ತಾನೇ ಉರುಳುತ್ತಿರುವ ಮಾಂಸದ ಕೊಳವೆಗಳು. ನೀಲವ್ವ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವಳು. ಆ ಉರುಳಾಟ ನೋಡಿ ಸೆರಗು ಮೂಗಿಗೆ ಒತ್ತಿಕೊಂಡಳು.

ನಾನು ಹುಡುಕಿ ಹುಡುಕಿ ಒಂದು ಡಬ್ಬಿ ತಂದೆ, ಮೇಲೆ ಹಸಿರು ಹುರುಳಿಕಾಯಿಯ ಚಿತ್ರ. ಗೆದ್ದೆನೆಂದು ಬೀಗುತ್ತ ಮಾರ್ಥಾಳ ಒಲೆಯ ಮೇಲೆ ಬಿಸಿ ಮಾಡಿ, ನೀಲವ್ವನ ತಾಟಿಗೆ ಬಡಿಸುವ ಹೊತ್ತಿಗೆ ಡಬ್ಬಿಯ ಬೆನ್ನ ಮೇಲಿನ ಸಣ್ಣಕ್ಷರ ಓದಿದೆ. ಹುರುಳಿಕಾಯಿಯ ಜೊತೆಗೆ ಹಂದಿ ಮಾಂಸದ ಚೂರು! ತಾಟನ್ನು ಕಸಿದುಕೊಂಡ ರಭಸಕ್ಕೆ ಪಲ್ಲೆಯೆಲ್ಲ ನನ್ನ ಮಡಿಲಿಗೆ ಬಿತ್ತು. ಕಾಯಿಪಲ್ಲೆಯೊಳಗೂ ಹಂದಿ ಹೊಕ್ಕೀತೆಂದು ನಮ್ಮ ಮನಸ್ಸಿಗೆ ಹೊಳೆಯುವುದಾದರೂ ಹೇಗೆ? ಅವತ್ತು ರೊಟ್ಟಿ, ಊರಿಂದ ತಂದ ಶೇಂಗಾ ಹಿಂಡಿ ಚಟ್ನಿಪುಡಿ. ಮರುದಿನವೂ ಅದೇ.

ಗುರುವಾರ: ಪಾಳಿ

ಈಗ ನಮ್ಮ ತಪ್ಪಿನ ಕಥೆ. ಬರೆಯಲು ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಮಾರ್ಥಾ ನಮ್ಮನ್ನು ಚರ್ಚಿಗೆ ಕರೆದುಕೊಂಡು ಹೋದಳು. "ನೀವು ಒಳಗ ನಡೀರಿ, ನಾ ಹಿಂದಿನ ಬಾಗಲದಿಂದ ಸಾಮಾನು ಇಳಿಸಿ ಬರ್ತೇನಿ" ಎಂದು ಇಳಿಸಿ ಹೋದಳು. ಪಕ್ಕದ ಸಭಾಭವನದ ಮುಂದೆ ಜನ ಸಾಲಾಗಿ ನಿಂತಿದ್ದರು. ಬಾಗಿಲ ಮೇಲೆ 'ಫುಡ್ ಪ್ಯಾಂಟ್ರಿ' ಎಂದು ಬರೆದಿತ್ತು. ಪ್ಯಾಂಟ್ರಿ ಎಂದರೆ ಉಗ್ರಾಣ ಎಂದು ನಾನೇ ಎಷ್ಟೋ ಮಕ್ಕಳಿಗೆ ಬರೆಸಿದ್ದೇನೆ. ದೇವರ ಮನೆ, ಉಗ್ರಾಣ, ಪಾಳಿ. ನೀಲವ್ವ ನನಗಿಂತ ಮೊದಲೇ ತಿಳಿದುಕೊಂಡಳು.

"ಪ್ರಸಾದ ಐತ್ರಿ ಅಕ್ಕಾರ! ನಡೀರಿ, ಪಾಳಿ ಹಚ್ಚೋಣು."

ನಮ್ಮಲ್ಲಿ ಮಠದ ದಾಸೋಹಕ್ಕೆ ಸಾಹುಕಾರನೂ ಕೂಲಿಯವನೂ ಒಂದೇ ಪಂಗತಿಯಲ್ಲಿ ಕೂಡುತ್ತಾರೆ. ಬಾಗಿಲ ತನಕ ಬಂದು ಉಣ್ಣದೆ ಹೋದರೆ ಅದೇ ಅವಮಾನ. ನಾವು ಖುಷಿಯಿಂದ ಸಾಲಿನಲ್ಲಿ ನಿಂತೆವು. ಮುಂದಿನವರಿಗೆ ನಮಸ್ಕಾರ ಹೇಳಿದೆವು. ಅವರು ನೆಲ ನೋಡಿದರು. ಹಿಂದೆ ಒಬ್ಬನೇ ಒಬ್ಬ ಮುದುಕ ಬಂದು ನಿಂತ, ಟೋಪಿ ಕಣ್ಣ ತನಕ ಎಳೆದಿದ್ದ. ಅವನೂ ಮಾತಾಡಲಿಲ್ಲ. ಪ್ರಸಾದದ ಪಾಳಿಯಲ್ಲಿ ಇಷ್ಟು ಮೌನ ಯಾಕೆ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು.

ಮೇಜಿನ ಹಿಂದಿನ ಹೆಂಗಸು ಕೇಳಿದಳು: "ಮನಿಯಾಗ ಎಷ್ಟು ಮಂದಿ?"

ನಾನು ಕೇಳಿದ್ದನ್ನು ಕೇಳಿದ ಹಾಗೇ ನೀಲವ್ವನಿಗೆ ದಾಟಿಸಿದೆ. ಪ್ರೀತಿಯಿಂದ ಮನೆಯ ಕುಶಲ ವಿಚಾರಿಸುತ್ತಿದ್ದಾಳೆ ಎಂದುಕೊಂಡಳು ನೀಲವ್ವ. "ಹನ್ನೊಂದ್ರಿ! ಅಣ್ಣತಮ್ಮಂದ್ರು ಕೂಡೇ ಅದಾರ, ಇನ್ನೂ ಬ್ಯಾರೆ ಆಗಿಲ್ಲ!"

ಆ ಹೆಂಗಸಿನ ಕಣ್ಣು ತುಂಬಿಬಂದವು. ಎದ್ದು ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದಳು, ಇನ್ನೊಂದು ತಂದಳು, ಮೂರನೆಯದನ್ನೂ ತಂದಳು. ನಮ್ಮ ಎರಡೂ ಕೈ ತುಂಬಿ, ಗಲ್ಲದ ಕೆಳಗೊಂದು ಪೆಟ್ಟಿಗೆ. ಹಿಂದೆ ನಿಂತ ಮುದುಕನಿಗೆ ಆಕೆ ಹೇಳಿದ್ದು ನನಗೆ ಕೇಳಿಸಿತು: "ಇವತ್ತಿಂದು ಮುಗೀತು. ಇನ್ನ ಹದಿನೈದು ದಿನಕ್ಕ ಬರ್ರಿ."

ಮುದುಕ ತನ್ನ ಬೂಟು ನೋಡಿಕೊಂಡ. "ಇರಲಿ, ಏನ ಚಿಂತಿಲ್ಲ" ಎಂದ. ಹೋದ.

ಆಗ ಮಾರ್ಥಾ ಒಳಗಿನಿಂದ ಬಂದಳು. ನಮ್ಮ ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು, ಬಾಗಿಲ ಕಡೆ ನೋಡಿದಳು. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದು ಪ್ರಸಾದವಲ್ಲ, ತಿಂಗಳು ದೂಡಲಾಗದ ಮನೆಗಳಿಗೆ ಕೊಡುವ ಸಾಮಾನು ಎಂದು ಮೆಲ್ಲಗೆ ತಿಳಿಸಿ ಹೇಳಿದಳು. "ಆವ ಅರ್ಲ್. ಮೂರು ತಿಂಗಳು ನಾ ಕಾಡಿ ಬೇಡಿದ ಮ್ಯಾಲೆ ಇವತ್ತ ಮೊದಲನೇ ಸಲ ಬಂದಿದ್ದ. ಹೆಂಡತಿಗೆ ಸಕ್ಕರಿ ರೋಗ. ಡಾಕ್ಟರು ಹಸರ ಪಲ್ಲೆ ತಿನಸು ಅಂತಾರ, ಇವನ ಹಳೇ ಗಾಡಿ ಅಷ್ಟು ದೂರ ಹೋಗಂಗಿಲ್ಲ. ಒಬ್ಬರ ಕಡೆ ಕೈ ಒಡ್ಡಿದಾವಲ್ಲ. ಇನ್ನ ಅವ ಬರಂಗಿಲ್ಲ."

ನಾನು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದ ಹಾಗೆ ನೀಲವ್ವ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದಳು.

"ಇನ್ನೊಬ್ಬರ ತುತ್ತ ಕಸಗೊಂಡ್ವಿ ಅಕ್ಕಾರ" ಎಂದಳು. ನನಗೂ ಅಳು ಬಂತು. ಇಂಗ್ಲಿಷ್ ಟೀಚರಂತೆ, ಇಂಗ್ಲಿಷ್ ಟೀಚರು!

ಶುಕ್ರವಾರ: ಅರ್ಲ್ ಮನೆ

ಬೆಳಿಗ್ಗೆಯೇ ಮೂರೂ ಪೆಟ್ಟಿಗೆ, ಮಧ್ಯಾಹ್ನದ ರೊಟ್ಟಿಗೆಂದು ನಮ್ಮ ಹಿಟ್ಟಿನ, ಕಾರಪುಡಿಯ ಗಂಟು ಗಾಡಿಗೆ ಹೇರಿ ಹೊರಟೆವು. ಊರ ಕೊನೆಯ ಓಣಿಯಲ್ಲಿ ಬಿಳಿ ಬಣ್ಣ ಉದುರಿದ ಕಟ್ಟಿಗೆಯ ಮನೆ. ಅರ್ಲ್ ಮೆಟ್ಟಿಲ ಮೇಲೆಯೇ ನಿಂತಿದ್ದ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ.

"ಅದು ನಂದಲ್ಲ" ಎಂದ. "ನನ್ನ ಪಾಳಿ ಬರಾಕ ಮೊದಲ ಮುಗದಿತ್ತು. ಬ್ಯಾರೆ ಯಾರಿಗಾರ ಕೊಡ್ರಿ."

ಮಾರ್ಥಾ ಹೇಳಿ ನೋಡಿದಳು. ಡೋರಿಸ್‌ಗಾಗಿಯಾದರೂ ಇಟ್ಟುಕೋ ಎಂದಳು. ಹೆಂಡತಿಯ ಹೆಸರು ಬಂದಕೂಡಲೇ ಅವನ ದವಡೆ ಬಿಗಿಯಿತು. "ನಮಗ ಏನೂ ಬ್ಯಾಡ" ಎಂದು ಬಾಗಿಲಿಗೆ ಕೈ ಹಾಕಿದ. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ನನ್ನ ಹಿಂದೆ ಒಂದು ಚೀರು ಕೇಳಿತು.

"ಅಯ್ಯs ನಮ್ಮವ್ವಾ! ಗೋಳಿಪಲ್ಲೆ!"

ನೀಲವ್ವ ಮೆಟ್ಟಿಲ ಬಾಜೂಕಿನ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದಳು. ಅಲ್ಲಿ ನೆಲಕ್ಕೆ ಅಂಟಿಕೊಂಡು, ಹಾಸಿದ ಕಂಬಳಿಯ ಹಾಗೆ, ಕೆಂಪು ದಂಟಿನ ದಪ್ಪೆಲೆಯ ಗೋಳಿ ಹಬ್ಬಿತ್ತು. ಮೈಸೂರು ಕಡೆಯವರು ಗೋಣಿಸೊಪ್ಪು ಎನ್ನುತ್ತಾರಲ್ಲ, ಅದೇ. ನೀಲವ್ವ ಒಂದು ದಂಟು ಮುರಿದು ನೋಡಿದಳು. "ಹಾಲ ಬರವಲ್ದು, ಖರೆ ಗೋಳೀನ. ಹಾಲ ಬಂದ್ರ ತಿನಬಾರದು." ಎಲೆಯೊಂದನ್ನು ಬಾಯಿಗೆ ಹಾಕಿಕೊಂಡು ಆ ಹುಳಿಗೆ ಕಣ್ಣು ಮುಚ್ಚಿದಳು. ಪರದೇಶಕ್ಕೆ ಬಂದ ಮೇಲೆ ಆಕೆಯ ಮುಖದಲ್ಲಿ ಅಂಥ ಹಿಗ್ಗು ನಾನು ಕಂಡಿರಲಿಲ್ಲ. ನಾನೂ ಓಡಿ ಹೋಗಿ ಬಗ್ಗಿ ನೋಡಿದೆ. ಹತ್ತು ಸಾವಿರ ಮೈಲಿ ಆಚೆ ತವರಿನ ಯಾರನ್ನೋ ಕಂಡ ಹಾಗೆ!

"ಏನ ಮಾಡಾಕತ್ತಾಳ ಆಕಿ?" ಎಂದ ಅರ್ಲ್. "ಅದು ಕಸ. ಬೆಳಸಿದ್ರ ಊರಾವ್ರು ನೋಟಿಸ್ ಕೊಡತಾರ. ಶನಿವಾರ ಹುಲ್ಲಿನ ಜೋಡಿ ಕೊಯ್ದು ಒಗಿತೇನಿ."

"ಎಣ್ಣಿ ಹೊಡದಾರೇನ ಕೇಳ್ರಿ" ಎಂದಳು ನೀಲವ್ವ. ಎಣ್ಣೆ ಎಂದರೆ ನಮ್ಮಲ್ಲಿ ಕಳೆಗೆ, ಹುಳಕ್ಕೆ ಸಿಂಪಡಿಸುವ ಔಷಧ.

ಕೇಳಿದೆ. ಹೆಂಡತಿಗೆ ಅದರ ವಾಸನೆ ಆಗುವುದಿಲ್ಲ, ಎಂದೂ ಹೊಡೆದಿಲ್ಲ ಎಂದ.

ನೀಲವ್ವ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂತೆಯ ದನಿಯಲ್ಲಿ ಕೇಳಿದಳು: "ಧಾರಣಿ ಏನ್ರಿ ಅರಳಪ್ಪಾ?"

ಅರ್ಲ್ ಎಂಬುದು ಅರಳಪ್ಪ ಆದದ್ದು ಹೀಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಈಕೆ ಊರಲ್ಲಿ ಪಲ್ಲೆ ಮಾರುವವಳು, ಇದನ್ನು ಕೊಳ್ಳಬೇಕಂತೆ, ಬೆಲೆ ಕೇಳುತ್ತಿದ್ದಾಳೆ. ಮುದುಕ ಮೊದಲ ಸಲ ನಮ್ಮನ್ನು ಸರಿಯಾಗಿ ನೋಡಿದ.

"ಕಸಕ್ಕೇನ ರೇಟು? ಎಷ್ಟ ಬೇಕಷ್ಟ ಕಿತ್ಕೊಂಡ ಹೋಗ್ರಿ."

"ಬಿಟ್ಟಿ ಒಯ್ಯು ಮಂದಿ ಅಲ್ಲ ನಾವು" ಎಂದಳು ನೀಲವ್ವ. ನಾನು ದಾಟಿಸಿದೆ. ಆ ಮಾತು ಅವನಿಗೆ ಎಲ್ಲೋ ತಾಗಿತು. ಗಲ್ಲ ಕೆರೆದುಕೊಂಡ. ತಾನೂ ಅದೇ ಮಾತನ್ನು ಈಗಷ್ಟೇ ಬೇರೆ ರೀತಿಯಲ್ಲಿ ಹೇಳಿದ್ದನಲ್ಲ!

ನೀಲವ್ವ ಗಾಡಿಯಿಂದ ಒಂದು ಪೆಟ್ಟಿಗೆ ಇಳಿಸಿದಳು. "ಒಂದ ಸೂಡಿಗೆ ಇದೊಂದ." ಸೂಡು ಎಂದರೆ ಪಲ್ಲೆಯ ಕಟ್ಟು. ಅರ್ಲ್ ತಲೆ ಅಲ್ಲಾಡಿಸಿದ, ಅದು ಬಹಳ ಆಯಿತು ಎಂದ. ಆಕೆ ಎರಡನೆಯದನ್ನೂ ಇಳಿಸಿದಳು. ಅವನು ಅದನ್ನೆತ್ತಿ ಗಾಡಿಗೆ ವಾಪಸು ಇಟ್ಟ, ಎರಡು ಸೂಡು ಕೊಡುತ್ತೇನೆ, ಒಂದೇ ಪೆಟ್ಟಿಗೆ ಸಾಕು ಎಂದ. ಆಕೆ ಮತ್ತೆ ಇಳಿಸಿದಳು. ಅರವತ್ತು ವರ್ಷದಲ್ಲಿ ನಾನು ಎಷ್ಟೋ ಚೌಕಾಶಿ ಕಂಡಿದ್ದೇನೆ. ಕೊಳ್ಳುವವಳು ಏರಿಸಿ ಮಾರುವವನು ಇಳಿಸುವ ಚೌಕಾಶಿ ಕಂಡದ್ದು ಅಲ್ಲೇ. ಮಾರ್ಥಾ ಗಾಡಿಗೆ ಆತು ನಿಂತು ಕಣ್ಣೀರು ಬರುವ ಹಾಗೆ ನಗುತ್ತಿದ್ದಳು. ಕೊನೆಗೆ ಐದು ಸೂಡಿಗೆ ಮೂರು ಪೆಟ್ಟಿಗೆ ಎಂದು ಕುದುರಿತು. ನೀಲವ್ವ ಕೈ ಮುಂದೆ ಮಾಡಿದಳು. ಅರ್ಲ್ ಕೈ ಒರೆಸಿಕೊಂಡು ಕುಲುಕಿದ.

ಆಮೇಲೆ ಅವನೂ ಕೂತ, ಮಂಡಿ ಕಟಕಟ ಎನ್ನುತ್ತಿದ್ದರೂ ಕೂತ. ಬುಡಸಹಿತ ಕೀಳಲು ಹೋದಾಗ ನೀಲವ್ವ ಅವನ ಕೈಯ ಮೇಲೆ ಪಟ್ಟನೆ ಹೊಡೆದಳು! ಹೆಬ್ಬೆರಳು ತೋರುಬೆರಳು ಕೂಡಿಸಿ ಕುಡಿಯನ್ನಷ್ಟೇ ಚೂಟಿ ತೋರಿಸಿದಳು.

"ಚೂಟಿದ್ರ ಮತ್ತ ಒಡಿತೈತಿ. ಕಿತ್ತರ ಹೋತು."

ಡೋರಿಸ್ ಅಡುಗೆಮನೆ

ನೀಲವ್ವ ಪಲ್ಲೆಯನ್ನು ಕೊಂಡಳೇ ಹೊರತು ಒಯ್ಯಲಿಲ್ಲ. ಒಲೆ ಎಲ್ಲಿದೆ ಎಂದು ಕೇಳಿ ಸೀದಾ ಒಳಗೆ ಹೋದಳು. ಡೋರಿಸ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು, ತೆಳ್ಳಗಿನ ಹೆಂಗಸು, ಕಾಲು ಬಾತಿದ್ದವು. "ಯಾರೋ ಬಂದಾರ ಅಂತ ನನ್ನ ಕೂದಲಾರ ಬಾಚಬಾರದ ಅರ್ಲ್?" ಎಂದು ಗಂಡನನ್ನು ಗದರಿದಳು. ನನಗೆ ಆಕೆ ತಕ್ಷಣ ಇಷ್ಟವಾದಳು.

ಪೆಟ್ಟಿಗೆಯೊಳಗೆ ಒಂದು ಪೊಟ್ಟಣ ಮಸೂರ ಬೇಳೆ ಇತ್ತು. ಬೇಳೆ ಬೇಯಿಸಿ, ಗೋಳಿ ಹೆಚ್ಚಿ ಹಾಕಿ, ನಮ್ಮ ಗಂಟಿನ ಕಾರಪುಡಿಯ ಒಗ್ಗರಣೆ ಕೊಟ್ಟದ್ದೇ ತಡ, ಛಾವಣಿಗೆ ಹಚ್ಚಿದ ಹೊಗೆ ಎಚ್ಚರಿಕೆಯ ಗಂಟೆ ಕಿರ್ರೆಂದು ಕೂಗತೊಡಗಿತು. ಅರ್ಲ್ ಟೋಪಿ ಬೀಸಿದ, ಮಾರ್ಥಾ ಟವೆಲ್ ಬೀಸಿದಳು, ನೀಲವ್ವ ಕಂಗಾಲಾಗಿ ಅದಕ್ಕೆ ಕೈಮುಗಿದಳು. ಡೋರಿಸ್ ಕೆಮ್ಮುತ್ತ ನಕ್ಕಳೋ ನಗುತ್ತ ಕೆಮ್ಮಿದಳೋ ಹೇಳಲಾರೆ.

ರೊಟ್ಟಿ ಬಡಿಯಲು ಹಿಟ್ಟಿನ ಗಂಟು ಬಿಚ್ಚಿದಾಗ ಅರ್ಲ್ ಒಂದು ಚಿಟಿಕೆ ತೆಗೆದು ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ. "ಇದು ಮೈಲೊ!" ಎಂದ. ನಮ್ಮ ಜೋಳಕ್ಕೆ ಅಲ್ಲಿಯವರ ಹೆಸರು ಅದು. ನಲವತ್ತು ವರ್ಷ ತಾನು ಲಾರಿಯಲ್ಲಿ ಹೇರಿದ್ದು ಇದೇ ಕಾಳಂತೆ. ಊರ ಆಚೆ ಈಗಲೂ ಹೊಲಗಟ್ಟಲೆ ಇದೆಯಂತೆ. "ದನಕ್ಕ ಹಾಕು ಕಾಳು!"

ನಾನು ಹೆದರಿ ಹೆದರಿ ದಾಟಿಸಿದೆ. ನೀಲವ್ವ ಬಡಿಯುವ ಕೈ ನಿಲ್ಲಿಸಿದಳು. "ದನಕ್ಕ? ಜ್ವಾಳ? ಅದಕ್ಕ ನಿಮ್ಮ ದನಾ ಹಂಗ ಗಟ್ಟಿ, ಮಂದಿ ಹಿಂಗ ಸೋತಾರ!"

ಇದನ್ನು ಹೇಗೆ ಇಂಗ್ಲಿಷಿಗೆ ಇಳಿಸುವುದೆಂದು ನಾನು ತಡವರಿಸಿದೆ. ಅರ್ಲ್ ಕಾಯಲಿಲ್ಲ, ಆಕೆಯ ಮುಖ ನೋಡಿಯೇ ನಕ್ಕುಬಿಟ್ಟ. ಮರುಕ್ಷಣ ನೀಲವ್ವ ತಾನೇ ಮೆತ್ತಗಾದಳು. "ನಮ್ಮಲ್ಲೇನ ಶಾಣ್ಯಾತನ ಐತ್ರಿ? ಕಬ್ಬಿಗೆ ಎಣ್ಣಿ ಹೊಡದ ಹೊಡದ ಬದುವಿನ ಮ್ಯಾಗಿನ ಗೋಳಿ ಸುಟ್ಟ ಹೋಗೇತಿ. ನಾ ಬಿತ್ತಿ ಬೆಳಿತೇನಿ ಈಗ. ಬಿತ್ತತಾರೇನ್ರಿ ಗೋಳಿ ಯಾರರ?"

ಡೋರಿಸ್ ಮೊದಲ ತುತ್ತಿಗೆ ಹುಬ್ಬು ಏರಿಸಿದಳು. ಕಾರಕ್ಕೆ ಕಣ್ಣು ಒರೆಸಿಕೊಂಡಳು. ಎರಡನೆಯ ಸಲ ತಾನೇ ಬಡಿಸಿಕೊಂಡಳು. "ಇದನ್ನ ಎಲ್ಲಿ ಕೊಂಡಿ?" ಎಂದು ಗಂಡನನ್ನು ಕೇಳಿದಳು. "ಇಷ್ಟು ದಿನಾ ಯಾಕ ತರಲಿಲ್ಲ?"

ಅರ್ಲ್ ತಾಟು ನೋಡುತ್ತ ಕೂತ. "ನಾನ ಮಾರಿದ್ದು" ಎಂದ ಕೊನೆಗೆ.

ಹೊರಟ ದಿನ

ಉಳಿದ ಎರಡು ವಾರ ನಾವು ನೋಡಬೇಕಿದ್ದ ತೋಟಗಳನ್ನೂ ಗಾಜಿನ ಮನೆಗಳನ್ನೂ ನೋಡಿದೆವು. ಅದರ ವರದಿಯನ್ನು ಕಳಿಸಿದವರಿಗೆ ಕೊಟ್ಟಿದ್ದೇನೆ. ನನ್ನ ಮನಸ್ಸು ಮಾತ್ರ ಹದಿನೈದು ದಿನಗಳ ನಂತರದ ಗುರುವಾರದ ಮೇಲಿತ್ತು. ಆ ಗುರುವಾರ ನಾವು ಚರ್ಚಿನಲ್ಲಿ ಮೇಜಿನ ಹಿಂದೆ ನಿಂತು ಮಾರ್ಥಾಳಿಗೆ ಪೆಟ್ಟಿಗೆ ತುಂಬಿಕೊಟ್ಟೆವು. ಪ್ರತಿ ಟೋಪಿಯನ್ನೂ ಬಗ್ಗಿ ನೋಡಿದೆ. ಅರ್ಲ್ ಬರಲಿಲ್ಲ. ಅವನ ಹೆಸರು ಬರೆದಿಟ್ಟ ಪೆಟ್ಟಿಗೆ ಹಾಗೇ ಉಳಿಯಿತು. ಒಂದು ದಿನದ ಊಟ ಒಂದು ದಿನದ್ದೇ, ನಾವು ಹೋದ ಮೇಲೆ ಡೋರಿಸ್ ತಾಟಿನಲ್ಲಿ ಮತ್ತೆ ಡಬ್ಬಿಯದೇ ತಿನಿಸು ಎಂದು ನನಗೆ ಸಂಕಟವಾಯಿತು.

ಶನಿವಾರ ಬೆಳಿಗ್ಗೆ ವಿಮಾನಕ್ಕೆ ಹೊರಟೆವು. ಮಾರ್ಥಾ ಬೇಕೆಂದೇ ಗಾಡಿಯನ್ನು ಊರ ಕೊನೆಯ ಓಣಿಗೆ ತಿರುಗಿಸಿದಳು. ಓಣಿಯ ತುಂಬ ಹುಲ್ಲು ಕೊಯ್ಯುವ ಯಂತ್ರಗಳ ಗುರ್ರೆನ್ನುವ ಸದ್ದು. ಅರ್ಲ್ ಕೂಡ ಅಂಗಳದಲ್ಲಿದ್ದ, ಯಂತ್ರ ನೂಕುತ್ತಿದ್ದ. ಬೇಲಿಯಿಂದ ಬೇಲಿಗೆ ಎಲ್ಲ ನುಣ್ಣಗೆ ಬೋಳಾಗಿತ್ತು. ಈಗ ಮೆಟ್ಟಿಲ ಕಡೆ ಬರುತ್ತಿದ್ದ.

"ಹೋತ್ರಿ ಅಕ್ಕಾರ" ಎಂದಳು ನೀಲವ್ವ, ನನ್ನ ಮೊಣಕೈ ಹಿಡಿದು.

ಯಂತ್ರ ಗೋಳಿಯ ಅಂಚಿಗೆ ಬಂತು. ಅರ್ಲ್ ಹಿಡಿಕೆಯನ್ನು ಜಗ್ಗಿ ಹೊರಳಿಸಿ, ಆ ಹಸಿರಿನ ಸುತ್ತ ಒಂದು ಸುತ್ತು ಹಾಕಿ ಆಚೆ ಹೋದ. ಒಂದು ಎಲೆಯೂ ಉದುರಲಿಲ್ಲ.

ನೀಲವ್ವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು. "ಬೇರ ಕೀಳಬ್ಯಾಡ್ರೀ ಅರಳಪ್ಪಾ! ಕುಡಿ! ಕುಡಿ ಅಷ್ಟs!"

ಆ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೂ ಅದು ಕನ್ನಡ. ನಾನು ದಾಟಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅರ್ಲ್ ಹಿಡಿಕೆಯಿಂದ ಒಂದು ಕೈ ಬಿಡಿಸಿ ಮೇಲೆತ್ತಿದ, ಹೆಬ್ಬೆರಳು ತೋರುಬೆರಳು ಕೂಡಿಸಿ, ಗಾಳಿಯಲ್ಲಿ ಎರಡು ಸಲ ಚೂಟಿದ.